ಒಂದು ಕೂಡಿಸು

ಚಿಂತಾಮಣಿ, ಹಾಲಿನ ಲ್ಯಾಬು, ಬೆಳಿಗ್ಗೆ ಏಳೂಕಾಲು.
ನಲವತ್ತೆಂಟು ಗಂಟೆ ಬೆಚ್ಚಗೆ ಮಲಗಿದ್ದ ತಟ್ಟೆಗಳನ್ನು
ರುಕ್ಸಾರ್ ಒಂದೊಂದಾಗಿ ಎಬ್ಬಿಸುತ್ತಾಳೆ.
ಬೆಳಕಿಗೆ ಹಿಡಿದು, ಗಾಜಿನ ಬೆನ್ನಿಗೆ ಪೆನ್ನಿನ ಚುಕ್ಕಿ,
ಎಡಗೈಯಲ್ಲಿ ಟಿಕ್ ಟಿಕ್ ಎಣಿಕೆ.
ರಂಗೋಲಿ ಇಡ್ತಿದ್ದೀಯಲ್ಲೇ ಅಂದರೆ ನಗುತ್ತಾಳೆ:
ಗೆರೆ ಎಳೆಯೋರು ಯಾರು ಮೇಡಂ?

ಗೆರೆ ಎಳೆಯುವವಳು ನಾನು.
ಅವಳು ಕೂಗುತ್ತಾಳೆ, ನಾನು ಶೀಟಿಗೆ ತುಂಬುತ್ತೇನೆ.
ಹದಿನೇಳನೇ ಡೇರಿ, ನಾಲ್ಕು ಲಕ್ಷ.
ಇಪ್ಪತ್ತಮೂರು, ನಲವತ್ತು ಲಕ್ಷ.
ಮೂವತ್ತೊಂದು, ಅರವತ್ತು ಸಾವಿರ.
ಹೀಗೇ ಬಿಟ್ಟರೆ ಗ್ರಾಫಿನಲ್ಲಿ ಒಂದೇ ತಾಳೆಮರ,
ಉಳಿದವರೆಲ್ಲ ಅದರ ಬುಡದ ಗರಿಕೆ.
ಸಮ ಚಿಹ್ನೆ, ಲಾಗ್ ಹತ್ತು, ಕಂಸ ತೆರೆ,
ಬಿ ಎರಡು, ಕಂಸ ಮುಚ್ಚು,
ಮೂಲೆಯ ಪುಟ್ಟ ಚೌಕ ಹಿಡಿದು ಕೆಳಕ್ಕೆ ಎಳೆ:
ಐದು ಪಾಯಿಂಟ್ ಆರು, ಆರು ಪಾಯಿಂಟ್ ಆರು,
ನಾಲ್ಕು ಪಾಯಿಂಟ್ ಏಳು ಎಂಟು.
ತಾಳೆಮರ ಬಗ್ಗಿ ಗರಿಕೆಯ ಬೆಂಚಿನಲ್ಲೇ ಕೂತಿತು.

ಇಪ್ಪತ್ತಮೂರರ ಪಿಳ್ಳಪ್ಪನಿಗೆ ಇದು ಬಲು ಇಷ್ಟ.
"ಹದಿನೇಳಕ್ಕಿಂತ ಬರೀ ಒಂದು ಜಾಸ್ತಿ ತಾನೇ ಅಮ್ಮಾ!"
ಆ ಒಂದು ಒಂದಲ್ಲ ಪಿಳ್ಳಪ್ಪ, ಹತ್ತು ಪಟ್ಟು,
ಕ್ಯಾನು ಬಿಸಿನೀರಲ್ಲಿ ತೊಳೆಸು.
ತಲೆಯಾಡಿಸುತ್ತಾನೆ.
ಮುಂದಿನ ವಾರ ಆರು ಪಾಯಿಂಟ್ ಏಳು.

ನಮ್ಮಮ್ಮ ಹಾಲನ್ನು ಮೂಗಿನಲ್ಲಿ ಓದುತ್ತಿದ್ದಳು.
ಪಾತ್ರೆಯ ಬಾಯಿಗೆ ಬಗ್ಗಿ, ಕಣ್ಣು ಮುಚ್ಚಿ:
ಇರಲಿ. ಕಾಯಿಸು. ಹೆಪ್ಪು ಹಾಕು. ಚೆಲ್ಲು.
ಸಾವಿರದಿಂದ ಕೋಟಿಯವರೆಗೆ ನಾಲ್ಕೇ ಮಾತು.
ಅವಳ ಮೂಗಿಗೆ ಲಾಗ್ ಬರುತ್ತಿತ್ತು.
ನನಗೆ ಪಿಯುಸಿಯಲ್ಲಿ ಖಾಕಿ ರಟ್ಟು ಹಾಕಿದ ಟೇಬಲ್ ಪುಸ್ತಕ ಬೇಕಾಯಿತು,
ಸಾಲಿಗೊಂದು ಬೆರಳು, ಕಂಬಕ್ಕೊಂದು ಬೆರಳು,
ಎರಡೂ ಸೇರುವಲ್ಲಿ ಉಗುರಿನ ಗೀರು.
ಈಗಲೂ ಆ ಉಗುರು ಪರದೆಯ ಮೇಲೆ ಏನನ್ನೋ ತಡಕುತ್ತದೆ.

ಇವತ್ತು ಕೊನೆಯದು ನಲವತ್ತನಾಲ್ಕು,
ಅಶ್ವತ್ಥಮ್ಮನ ಮಹಿಳಾ ಡೇರಿ.
ರುಕ್ಸಾರ್ ಕೂಗಲಿಲ್ಲ. ತಟ್ಟೆ ತಿರುಗಿಸಿದಳು, ಮತ್ತೆ ತಿರುಗಿಸಿದಳು.
"ಸೊನ್ನೆ ಮೇಡಂ. ಎರಡು ತಟ್ಟೇಲೂ."
ತುಂಬಿದೆ. ಶೀಟು ಮುಖ ಸಿಂಡರಿಸಿತು:
ಹ್ಯಾಶ್, ನಮ್, ಆಶ್ಚರ್ಯಸೂಚಕ.
ಹತ್ತರಿಂದ ಭಾಗಿಸುತ್ತ ಭಾಗಿಸುತ್ತ ಎಷ್ಟು ಇಳಿದರೂ
ಸೊನ್ನೆಯ ನೀರು ಕಾಲಿಗೆ ತಾಕದ ಕಲ್ಯಾಣಿ ಅದು.
ಕೆಳಗಿನ ಸರಾಸರಿಯೂ ಅದೇ ಮುಖ ಮಾಡಿತು,
ಗ್ರಾಫಿನಲ್ಲಿ ಒಂದು ಹಲ್ಲು ಬಿದ್ದ ಜಾಗ.

ಉಪಾಯ ಗೊತ್ತಿದ್ದದ್ದೇ.
ಕಂಸದೊಳಗೆ ಎಲ್ಲರಿಗೂ ಒಂದು ಕೂಡಿಸು.
ನಲವತ್ತು ಲಕ್ಷದವನಿಗೆ ಅದು
ಮದುವೆ ಪಂಕ್ತಿಯಲ್ಲಿ ಇನ್ನೊಂದು ಎಲೆ.
ಸೊನ್ನೆಯವಳಿಗೆ ಕಾಲೂರಲು ನೆಲ.
ಕೂಡಿಸಿದೆ. ಶೀಟು ತಣ್ಣಗಾಯಿತು.
ಅಶ್ವತ್ಥಮ್ಮ ಈಗ ಎಲ್ಲರಿಗಿಂತ ಕೆಳಗೆ, ಎಲ್ಲರಿಗಿಂತ ಶುದ್ಧ,
ಈ ತಿಂಗಳ ಸ್ಟೀಲ್ ಕ್ಯಾನು ಅವಳಿಗೇ.

ಆದರೆ ಕೆಚ್ಚಲಿಂದ ಇಳಿದದ್ದು, ನಾಲ್ಕು ಕೈ ದಾಟಿದ್ದು,
ಚೌಡರೆಡ್ಡಿಯ ಟೆಂಪೋದಲ್ಲಿ ಹದಿನಾರು ಮೈಲಿ ಕುಲುಕಿದ್ದು
ಸೊನ್ನೆ ಹೇಗೆ?

ರುಕ್ಸಾರ್ ತನ್ನ ಕೈ ನೋಡಿಕೊಳ್ಳುತ್ತಿದ್ದಳು.
"ಅವತ್ತು ಕರೆಂಟು ಹೋಗಿ ಬಂತು ಮೇಡಂ.
ಅಗರ್ ಮತ್ತೆ ಕಾಯಿಸಿದೆ. ಆರೋವರೆಗೂ ಕಾಯಲಿಲ್ಲ,
ಬಸ್ಸಿಗೆ ಹೊತ್ತಾಗಿತ್ತು. ಸುರಿದುಬಿಟ್ಟೆ.
ಕೊನೇ ಎರಡೇ ತಟ್ಟೆ."
ಇದ್ದಷ್ಟು ಜೀವ ಅದರಲ್ಲೇ ಬೆಂದಿತ್ತು.
ಅವಳ ಹೆಬ್ಬೆರಳಲ್ಲೂ ಎರಡು ದಿನದ ಬೊಬ್ಬೆ.

ಬೈಯಬೇಕಿತ್ತು.
ಬಂದ ಸಿಟ್ಟಿಗೆ ಲಾಗ್ ಹಾಕಿ ಬೈದೆ.
ಆಮೇಲೆ ಆ ಒಂದನ್ನು ಅಳಿಸಿದೆ.
ಹ್ಯಾಶ್, ನಮ್, ಆಶ್ಚರ್ಯಸೂಚಕ,
ಮನೆಗೆ ಮರಳಿದ ಬೆಕ್ಕಿನ ಹಾಗೆ ತನ್ನ ಜಾಗದಲ್ಲೇ ಬಂದು ಕೂತಿತು.
ಇರಲಿ. ಹೊಸ ಸ್ಯಾಂಪಲ್ ಬರುವ ತನಕ.

ಹೊರಗೆ ಚೌಡರೆಡ್ಡಿಯ ಹಾರನ್.
ನಲವತ್ತನಾಲ್ಕರ ಬಾಟಲಿ ಐಸಿನಲ್ಲಿ ಇಳಿದಿದೆ.
ರುಕ್ಸಾರ್ ಫ್ಲಾಸ್ಕನ್ನು ಕೆನ್ನೆಗೆ ಹಿಡಿದು
ಕೂಸಿನ ಹಾಲು ನೋಡುವ ಹಾಗೆ ನೋಡುತ್ತಾಳೆ.
ಆರಿತಾ?
"ಇನ್ನೂ ಇಲ್ಲ ಮೇಡಂ."
ಏಳೂವರೆಯ ಬಸ್ಸು ಹೋಯಿತು.
ಇಬ್ಬರೂ ಕಾಯುತ್ತೇವೆ.